ಬರಿದು ಬಿಟ್ಟ ಜಾಗ

ಕಲಘಟಗಿಯ ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಬಣ್ಣ ಹಾಕುವಾಗ ಒಂದು ನೇಮವಿತ್ತು. ಅಂಗೈಯಷ್ಟು ಜಾಗವೂ ಬರಿದಾಗಿ ಉಳಿಯಬಾರದು. ಬಳ್ಳಿ, ಗಿಳಿ ಹಿಡಿಸದ ಸಂದಿಯಲ್ಲಿ ಕಡೆಗೆ ಒಂದು ಸಣ್ಣ ಹೂವಾದರೂ ಬರಬೇಕು. ಇಲ್ಲದಿದ್ದರೆ ಕೂಸು ನೆಮ್ಮದಿಯಿಂದ ಮಲಗುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ನನಗೆ ಅದರಲ್ಲಿ ಅಂಥ ನಂಬಿಕೆಯಿರಲಿಲ್ಲ. ಆದರೂ ಬರಿದು ಜಾಗ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ.

ಎಂಬತ್ತೇಳರಲ್ಲಿ ನನ್ನ ಮಗಳು ರೇವವ್ವ ಧಾರವಾಡದಲ್ಲಿ ಎಂ.ಎಸ್ಸಿ. ಗಣಿತದ ಕಡೆಯ ವರ್ಷ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ವಿಶ್ವವಿದ್ಯಾಲಯದ ಹುಡುಗರು ಸೇರಿ ಒಂದು ಕಂಪ್ಯೂಟರ್ ಸಂಘ ಕಟ್ಟಿದ್ದರು. ಇದ್ದದ್ದು ಒಂದೇ ಯಂತ್ರ, ಹನ್ನೆರಡೇ ಜನರಿಗೆ ಜಾಗ. ಸೇರಬೇಕೆನ್ನುವವರು ಮೂರು ತಿಂಗಳು ಕಲಿತು, ತಾವೇ ಒಂದು ಪ್ರೋಗ್ರಾಮ್ ಬರೆದು, ಎಲ್ಲರೆದುರು ನಡೆಸಿ ತೋರಿಸಬೇಕಿತ್ತು. ರೇವವ್ವನ ಪಾಳಿ ಮಂಗಳವಾರ ಮತ್ತು ಶುಕ್ರವಾರ ಸಂಜೆ. ಆ ಎರಡು ದಿನ ಕಡೆಯ ಬಸ್ಸಿಗೆ ಬರುತ್ತಿದ್ದಳು. ಊಟಕ್ಕೆ ಕೂತರೂ ಎಡಗೈ ಬೆರಳು ತಾಟಿನ ಅಂಚಿನ ಮೇಲೆ ಏನನ್ನೋ ಒತ್ತುತ್ತಲೇ ಇರುತ್ತಿದ್ದವು.

"ಅದರಿಂದ ನೌಕರಿ ಸಿಗತೈತೇನು?" ಎಂದು ಒಮ್ಮೆ ಕೇಳಿದೆ.

"ಗೊತ್ತಿಲ್ಲ ಯಪ್ಪಾ. ಸಿಗದಿದ್ರೂ ನನಗ ಅದು ಬೇಕು."

ಹಬ್ಬಕ್ಕೆ ಸೀರೆ ಕೂಡ ಕೇಳಿದವಳಲ್ಲ. ಅವಳ ಬಾಯಲ್ಲಿ ಬೇಕು ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ.

ಪ್ರೋಗ್ರಾಮ್ ತೋರಿಸುವುದರ ಹಿಂದಿನ ದಿನ ಅವಳು ಪುಸ್ತಕದ ನಡುವೆ ಫ್ಲಾಪಿ ಇಟ್ಟುಕೊಂಡು ತಂದಳು. ಕಾಗದದ ಚೀಲದೊಳಗೆ ಕರಿಯ ತೆಳು ಚೌಕ.

"ಅಲ್ಲೇ ಬಿಟ್ರ ಯಾರರ ಅಳಿಸಿಗಿಳಿಸ್ಯಾರು. ಮೂರು ತಿಂಗಳದ್ದು ಎಲ್ಲಾ ಇದರಾಗ ಐತಿ," ಎಂದಳು. ನನ್ನ ಹೆಂಡತಿ ಬಸಕ್ಕ ಅದನ್ನು ದೇವರ ಜಗಲಿಯ ಮೇಲಿಟ್ಟಳು.

ಬೆಳಿಗ್ಗೆ ರೇವವ್ವ ಜಳಕಕ್ಕೆ ಹೋದಾಗ ನಾನು ಅದನ್ನು ಚೀಲದಿಂದ ಎಳೆದು ನೋಡಿದೆ. ಎಲ್ಲ ಕಡೆ ಕರಿ. ಕೆಳಗೆ ಮಾತ್ರ ಬೆರಳುದ್ದದ ಒಂದು ಕಿಟಕಿ, ಅದರೊಳಗೆ ಕಂದುಬಣ್ಣದ ನುಣುಪು ಹಾಳೆ. ಮಾಡಿದವರು ಅಲ್ಲಿಗೆ ಬಂದು ಕೆಲಸ ಬಿಟ್ಟಿದ್ದಾರೆ ಎನಿಸಿತು. ಎಲ್ಲಕ್ಕಿಂತ ಸಣ್ಣ ಕುಂಚ ತೆಗೆದುಕೊಂಡು ಐದು ಎಸಳಿನ ಕೆಂಪು ಹೂವು ಬರೆದೆ, ನಡುವೆ ಹಳದಿ ಚುಕ್ಕಿ. ಆರಿದ ಮೇಲೆ ಚೀಲದೊಳಗೆ ತೂರಿಸಿಟ್ಟೆ. ಅಲ್ಲಿ ತೆಗೆದಾಗ ತಾನೇ ನೋಡಲಿ ಎಂದು ಅವಳಿಗೆ ಹೇಳಲಿಲ್ಲ.

ಸಂಜೆ ಅವಳು ಬಂದಾಗ ಬಾಗಿಲಲ್ಲೇ ಕೇಳಿದೆ. "ಏನಾತವಾ?"

"ತಗೊಂಡ್ರು ಯಪ್ಪಾ."

"ಹೂವು ನೋಡಿದೇನು?"

"ನೋಡಿದೆ. ಚಂದ ಐತಿ. ಅವರ ಇಟ್ಕೊಂಡಾರ."

ಬಸಕ್ಕ ಮಗಳ ಬಾಯಿಗೆ ಸಕ್ಕರೆ ಹಾಕಿದಳು.

ಆಮೇಲೆ ರೇವವ್ವ ದಿನಾ ನಾಲ್ಕೂವರೆ ಬಸ್ಸಿಗೇ ಬರತೊಡಗಿದಳು. ಪಾಳಿಯನ್ನು ಮಧ್ಯಾಹ್ನಕ್ಕೆ ಹಾಕಿದ್ದಾರೆ ಎಂದಳು. ಹೆಣ್ಣುಮಗಳು ಬೆಳಕಿರುವಾಗಲೇ ಮನೆಗೆ ಬರುತ್ತಾಳಲ್ಲ ಎಂದು ನನಗೆ ಸಮಾಧಾನ. ತಟ್ಟಿ ನೋಡಿ ಕಟ್ಟಿಗೆ ಹಸಿಯೋ ಒಣಗಿದ್ದೋ ಹೇಳುವವನು ನಾನು. ತಾಟಿನ ಅಂಚಿನ ಮೇಲೆ ಅವಳ ಬೆರಳು ಸುಮ್ಮನಾಗಿದ್ದು ಗಮನಕ್ಕೆ ಬರಲಿಲ್ಲ.

ತಿಂಗಳಾದ ಮೇಲೆ ಧಾರವಾಡದ ಒಂದು ಮನೆಗೆ ತೊಟ್ಟಿಲು ಮುಟ್ಟಿಸಿ, ಹಾಗೇ ದಾರಿ ಕೇಳಿಕೊಂಡು ಸಂಘದ ಕೋಣೆಗೆ ಹೋದೆ. ಅಬ್ದುಲಮಜೀದ ಎಂಬ ಹುಡುಗ ಒಬ್ಬನೇ ಕೂತಿದ್ದ. ಅವನೇ ಸಂಘದ ಕಾರ್ಯದರ್ಶಿ.

"ನಾ ರೇವವ್ವನ ಅಪ್ಪ ಅದೇನ್ರಿ. ಆಕಿ ಕೆಲಸಾ ಮಾಡೂ ಯಂತ್ರ ಒಮ್ಮೆ ನೋಡೂಣು ಅಂತ ಬಂದೆ."

ಅವನು ಎದ್ದು ಕುರ್ಚಿ ಎಳೆದ. "ಕೂಡ್ರಿ ಕಾಕಾ. ಆಕಿ ನಿಮಗ ಹೇಳಿಲ್ಲೇನ್ರಿ?"

"ಏನಂತ್ರಿ?"

ಅವನು ಬೇರೊಂದು ಫ್ಲಾಪಿ ತೆಗೆದು ಅದರ ಕಿಟಕಿ ತೋರಿಸಿದ. "ಈ ಹಾಳಿ ಮ್ಯಾಲನ ಎಲ್ಲಾ ಬರದಿರತೈತ್ರಿ. ಬೆರಳು ಸೈತ ತಾಗಬಾರದು. ಆಕೀದರ ಮ್ಯಾಲ ಬಣ್ಣದ ಹೂವಿತ್ತು. ನಮ್ಮ ಕಡೆ ನೋಡಿ ಮಾತಾಡಕೋತ ಹಂಗ ಒಳಗ ಹಾಕಿಬಿಟ್ಲು. ಬಣ್ಣ ಕಿತ್ತು ಒಳಗ ಮೆತ್ಕೊಂತು. ಯಂತ್ರ ಹದಿನೈದು ದಿನ ರಿಪೇರಿಗೆ ಹೋತು. ‘ಏನ್ರೀ ಬಾಯಾರ, ಕಂಪ್ಯೂಟರಿಗೆ ರಂಗೋಲಿ ಹಾಕೀರೇನು’ ಅಂತ ಹುಡುಗರು ನಕ್ರು. ಯಾರು ಮಾಡಿದ್ರು ಅಂತ ಕೇಳಿದ್ರ, ‘ನಾನ ಬರದೇನಿ, ಚಂದ ಕಾಣ್ಲಿ ಅಂತ’ ಅಂದ್ಲು."

"ಮತ್ತ ಬರದು ತೋರಿಸಿದ್ರ ನಡಿಯೂದಿಲ್ಲೇನ್ರಿ?"

"ಹನ್ನೆರಡು ಮಂದಿ ತುಂಬಿದ್ರು ಕಾಕಾ. ಮುಂದಿನ ವರ್ಷ ನೋಡೂಣು."

ಮುಂದಿನ ವರ್ಷ ಅವಳ ಓದು ಮುಗಿದಿರುತ್ತಿತ್ತು.

"ಆ ಹೂವು ಬರದಾಂವ ನಾನ್ರಿ," ಎಂದೆ.

ಹುಡುಗ ತಲೆ ತಗ್ಗಿಸಿದ. ನಾನೇ ಕೇಳಿದೆ, "ಏನಿತ್ರಿ ಅದರಾಗ?"

"ತೊಟ್ಟಿಲಂತ್ರಿ. ಪರದೆ ಮ್ಯಾಲ ತಾನ ತೂಗತೈತಿ ಅಂದಿದ್ಲು. ನಾವ್ಯಾರೂ ನೋಡಲಿಲ್ಲ."

ಕಪಾಟಿನಿಂದ ಅವಳ ಫ್ಲಾಪಿ ತೆಗೆದು ಕೊಟ್ಟ. ಹೂವಿನ ನಡುವೆ ಗೀರಿತ್ತು.

ಮನೆಗೆ ಬಂದು ಅದನ್ನು ರೇವವ್ವನ ಮುಂದಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ.

"ಯಾಕ ಹೇಳಲಿಲ್ಲ ಬೇ?"

"ಹೇಳಿದ್ರ ನೀ ಮತ್ತ ಕುಂಚಾ ಹಿಡೀತಿದ್ದೇನು?"



ಆ ವಾರ ದುಮ್ಮವಾಡದವರ ತೊಟ್ಟಿಲು ಕೈಯಲ್ಲಿತ್ತು. ಎಲ್ಲ ಮುಗಿದು ಗಿಳಿಯ ಬಾಲದ ಕೆಳಗೆ ಒಂದಿಷ್ಟು ಜಾಗ ಉಳಿದಿತ್ತು. ಎರಡು ದಿನ ಕುಂಚ ಅದ್ದಿದೆ, ಎರಡು ದಿನವೂ ಹಾಗೇ ತೊಳೆದಿಟ್ಟೆ. ಶುಕ್ರವಾರ ಸಂಜೆ ರೇವವ್ವ ಪುಸ್ತಕ ಮೂಲೆಗಿಟ್ಟು ಬಂದು ನನ್ನ ಬಾಜೂ ಕೂತಳು. ಒಂದು ದಿನವೂ ಬಣ್ಣ ಮುಟ್ಟಿದವಳಲ್ಲ, ಮುಟ್ಟಗೊಟ್ಟವನೂ ನಾನಲ್ಲ. ನನ್ನ ಕೈಯಿಂದ ಕುಂಚ ತೆಗೆದುಕೊಂಡು ಹೂವು ಬರೆದಳು. ಐದನೆಯ ಎಸಳಿಗೆ ಜಾಗ ಉಳಿಯಲಿಲ್ಲ.

ನಾನು ತಿದ್ದಲಿಲ್ಲ. ತೊಟ್ಟಿಲನ್ನು ಹಾಗೇ ಕಳಿಸಿದೆ.