ಹೊಡೆಯದೆ ಉಳಿದ ಕೋಲು

ಶವದ ಗಾಡಿಯ ಹಿಂದೆ ಮಂಡಿಯೂರಿ ಮಿನೆ ಹೊಗೆಕೊಳವೆಗೆ ಮುತ್ತಿದ್ದ ಹಿಮವನ್ನು ಸಲಿಕೆಯಿಂದ ಕೆರೆದು ತೆಗೆಯುತ್ತಿದ್ದಳು. ಕರಿ ಕಿಮೋನೊದ ಮೇಲೆ ಅಪ್ಪನ ಹಳೇ ಕೋಟು. ಗಾಡಿಯೊಳಗೆ ಪೆಟ್ಟಿಗೆಯಲ್ಲಿ ಅಪ್ಪ ಯಸೋಕಿಚಿ, ಮೂವತ್ತೆಂಟು ಚಳಿಗಾಲ ಊರಿನ ಶಾಲಾ ಬಸ್ಸು ಓಡಿಸಿದವನು.

"ಕೈಬ್ರೇಕ್ ಎಳೆದಿದ್ದೀರೇನ್ರೀ?" ಪಕ್ಕದ ಮನೆಯ ಗೆಂಪೆ ಗಾಡಿಯ ಚಾಲಕನನ್ನು ಕೇಳಿದ. ಚಾಲಕ ಕುರಾಟ ಈ ಸೀಮೆಗೆ ಹೊಸಬ.

"ಎಳೀಬಾರದಾ?"

"ಹೆಪ್ಪುಗಟ್ಟಿ ಕಚ್ಕೊಂಡ್ಬಿಡುತ್ತೆ. ಆಮೇಲೆ ವಸಂತ ಬರೋತನಕ ನೀವೂ ನಮ್ಮೂರಿನವರೇ."

ಅಳುತ್ತಿದ್ದ ಹೆಂಗಸರೂ ಕಿಮೋನೊದ ತೋಳಲ್ಲಿ ಮುಖ ಮುಚ್ಚಿ ನಕ್ಕರು.

ಹೆಣ ಸುಡುವ ಮನೆ ಇದ್ದದ್ದು ಘಟ್ಟದಾಚೆ. ನಾಳೆ ಪಂಚಾಂಗದ ಪ್ರಕಾರ ಸತ್ತವರು ಗೆಳೆಯರನ್ನು ಜತೆಗೆ ಎಳೆದುಕೊಳ್ಳುವ ದಿನ, ಅಲ್ಲಿ ಬೆಂಕಿ ಹಚ್ಚುವುದಿಲ್ಲ. ಇವತ್ತೇ ದಾಟಬೇಕು. ಘಟ್ಟವೋ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮುಚ್ಚಿಕೊಂಡಿತ್ತು.

"ಹೋಗಬಹುದಾ ಮಿನೆ?" ಗೆಂಪೆ ದನಿ ತಗ್ಗಿಸಿದ. "ಇಂಥಾ ದಿನ ನಿಮ್ಮಪ್ಪನ್ನ ಕೇಳ್ತಿದ್ವಿ."

"ರಸ್ತೆಯಂಚಿನ ಒಂದು ಕೋಲಿನ ಹತ್ರ ನಿಂತು ನೋಡಿದರೆ ಮುಂದಿನ ಕೋಲು ಕಾಣಬೇಕು. ಕಂಡರೆ ಹೋಗೋದು, ಕಾಣದಿದ್ರೆ ನಿಲ್ಲೋದು," ಅಂದಳು ಮಿನೆ. ಮಾತು ಅಪ್ಪನದೇ.

ಶವ ಮನೆ ಬಿಡುವಾಗಿನ ವಾಡಿಕೆಯಂತೆ ಕುರಾಟ ಹಾರನ್ನನ್ನು ಉದ್ದಕ್ಕೆ ಒತ್ತಿದ. ಹಿಂದೆ ನಾಲ್ಕು ಕಾರುಗಳು ಹೊರಟವು.

* * *

ಪ್ರತಿ ವರ್ಷ ಮೊದಲ ಹಿಮಕ್ಕೆ ಮುಂಚೆ ಯಸೋಕಿಚಿ ಘಟ್ಟದ ರಸ್ತೆಯ ಪ್ರಪಾತದ ಅಂಚಿಗೆ ಹಿಮದಲ್ಲೂ ದಾರಿ ಕಾಣಲೆಂದು ಬಿದಿರು ಕೋಲುಗಳನ್ನು ಹೊಡೆಯುತ್ತಿದ್ದ. ಇಪ್ಪತ್ತು ಹೆಜ್ಜೆಗೊಂದು. ತುದಿಗೆ, ತೀರಿಹೋದ ಹೆಂಡತಿಯ ಕಿಮೋನೊದ ಕೆಂಪು ಒಳಬಟ್ಟೆಯ ಚೂರು. ಬಸ್ಸು ಓಡಿಸುವುದನ್ನು ನಿಲ್ಲಿಸಿದ ಮೇಲೂ ಈ ಕೆಲಸ ಬಿಡಲಿಲ್ಲ.

ಈ ಸಲ ದೊಡ್ಡ ತಿರುವಿನ ಹತ್ತಿರ ಕೆಮ್ಮು ಹತ್ತಿ ಕೂತುಬಿಟ್ಟ. ತಿರುವಿನಾಚೆಯ ಕೋಲುಗಳನ್ನೆಲ್ಲ ಮೊದಲೇ ಮುಗಿಸಿದ್ದ, ಉಳಿದದ್ದು ಒಂದೇ.

"ಸಾಕು ಬಿಡಪ್ಪ," ಮಿನೆ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡಿದ್ದಳು. "ಒಂದು ಕೋಲಿಲ್ಲದಿದ್ರೆ ಏನು ಮುಳುಗಿಹೋಗುತ್ತೆ?"

ಅವನು ಬಟ್ಟೆ ಚೂರನ್ನು ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡ. "ಆ ಒಂದೇ ಕೋಲು ಬೇಕಾದೋನು ಯಾವತ್ತೋ ಬರ್ತಾನಮ್ಮ," ಅಂದ.

ಮತ್ತೆ ಅವನು ಘಟ್ಟ ಹತ್ತಲಿಲ್ಲ.

* * *

ನಡೆಯುವವರ ವೇಗದಲ್ಲಿ ಗಾಡಿ ಘಟ್ಟ ಹತ್ತಿತು. ಬಿಳುಪಿನೊಳಗಿಂದ ಕೆಂಪೊಂದು ಮೂಡುವುದು, ಹತ್ತಿರ ಬರುವುದು, ಹಿಂದೆ ಸರಿಯುವುದು. ಅಷ್ಟರಲ್ಲಿ ಮುಂದೆ ಇನ್ನೊಂದು.

"ಇಷ್ಟೂ ಒಬ್ಬರೇ ಹೊಡೆದದ್ದಾ?" ಕುರಾಟ ಪಕ್ಕದಲ್ಲಿ ಕೂತ ಮಿನೆಗೆ ಪಿಸುಗುಟ್ಟಿದ.

"ಒಬ್ಬನೇ."

ಆಮೇಲಿಂದ ಅವನು ಕೋಲು ಬಂದಾಗಲೆಲ್ಲ ತಲೆ ಒಂದಿಷ್ಟು ಬಾಗಿಸತೊಡಗಿದ.

ದೊಡ್ಡ ತಿರುವಿನಲ್ಲಿ ಮುಂದೆ ಏನೂ ಮೂಡಲಿಲ್ಲ. ಮಿನೆ ಅಂದಳು: "ನಿಲ್ಲಿಸಿ."

"ವಾಪಸ್ಸು ಹೋಗೋಣವಾ ಅಮ್ಮ?"

"ಇಲ್ಲಿ ತಿರುಗಿಸೋಕೆ ಜಾಗ ಇಲ್ಲ. ನಾನು ಇಳೀತೀನಿ. ಕೆಂಪು ಕಂಡ ಮೇಲೆ ಬನ್ನಿ, ಅದರ ಮುಂಚೆ ಚಕ್ರ ಉರುಳಬಾರದು. ನಾನು ಕೊನೇಲಿ ಗೆಂಪೆಯಣ್ಣನ ಕಾರು ಹತ್ತಿಕೊಳ್ತೀನಿ."

ಕೋಟಿನ ಜೇಬಿನಲ್ಲಿ ಬಟ್ಟೆ ಮಡಿಸಿದಂತೆಯೇ ಇತ್ತು. ಅದನ್ನು ಜತೆಗೆ ತಂದಿದ್ದ ಸಲಿಕೆಯ ಹಿಡಿಗೆ ಬಿಗಿದಳು. ಹಿಂದಿನ ಕೋಲಿಗೆ ಬೆನ್ನು ತಾಗಿಸಿ ನಿಂತು ಹೊರಟು, ಪ್ರತಿ ಹೆಜ್ಜೆಗೂ ಮುಂದಿನ ನೆಲವನ್ನು ಸಲಿಕೆಯಿಂದ ಕುಟ್ಟಿ ನೋಡುತ್ತ ಎಣಿಸಿದಳು. ಹದಿನಾರನೆಯದಕ್ಕೆ ಸಲಿಕೆ ತಳವಿಲ್ಲದೆ ಇಳಿಯಿತು. ರಸ್ತೆಯ ಒಳಬದಿಗೆ ಸರಿದಳು. ಇಪ್ಪತ್ತಕ್ಕೆ ಅಂಚಿನ ಕಲ್ಲು ಠಣ್ಣೆಂದಿತು. ಅಲ್ಲೇ ನಿಂತು ಸಲಿಕೆಯನ್ನು ತಲೆಯ ಮೇಲೆತ್ತಿದಳು.

ಬಹಳ ಹೊತ್ತು ಬರೀ ಗಾಳಿ. ಆಮೇಲೆ ಹಳದಿ ದೀಪಗಳೆರಡು ತೇಲಿ ಬಂದವು. ಗಾಡಿ ಅವಳ ತೋಳಿನಿಂದ ಒಂದು ಮೊಳ ದೂರದಲ್ಲಿ, ಮಕ್ಕಳು ಇಳಿದ ಮೇಲೆ ಅಪ್ಪ ಬಸ್ಸನ್ನು ಸರಿಸುತ್ತಿದ್ದಷ್ಟು ಮೆಲ್ಲಗೆ, ಹಾದುಹೋಯಿತು. ಅವಳು ಅಲುಗಲಿಲ್ಲ. ಕಣ್ಣರೆಪ್ಪೆಯ ಮೇಲೂ ಹಿಮ ಕೂತಿತ್ತು.

ಗಾಡಿಯ ಬೆಳಕಿಗೆ ಆಚೆಯ ಕೋಲಿನ ಕೆಂಪು ಹೊತ್ತಿಕೊಂಡಿತು. ಆಮೇಲೆ ಅದರಾಚೆಯದು. ಆಮೇಲೆ, ಇನ್ನೂ ಮೇಲೆ, ಮತ್ತೊಂದು.