ಕೇಳದೆ ಹಾಕಿದ ಸ್ಟೇಟಸ್

ಯಶಸ್ವಿಗೆ ಹೊಟ್ಟೆನೋವು ಬರುವುದು ಬೆಳಿಗ್ಗೆ ಮಾತ್ರ. ಶಾಲೆಗೆ ಹೋಗುವ ಬಸ್ಸು ಅವಳನ್ನು ಬಿಟ್ಟು ಅರಂತೋಡಿನ ತಿರುವು ದಾಟಿದ ಮೇಲೆ ಅದು ತಾನಾಗಿಯೇ ಕಡಿಮೆಯಾಗುತ್ತಿತ್ತು. ಆಮೇಲೆ ಅವಳು ಎದ್ದು ಮುಖ ತೊಳೆದು, ಯಾರೊಂದಿಗೂ ಮಾತಾಡದೆ ಕಿಟಕಿಯ ಹತ್ತಿರ ಕೂತುಬಿಡುತ್ತಿದ್ದಳು. ಎಂಟನೇ ತರಗತಿಯ ಹುಡುಗಿ. ಮೊನ್ನೆ ಮೊನ್ನೆಯವರೆಗೆ ಬಾಯಿ ಮುಚ್ಚು ಎಂದರೂ ಮುಚ್ಚದವಳು.

ತಾಯಿ ಜಲಜಾಕ್ಷಿ ಸುಳ್ಯಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಜಲಜಾಕ್ಷಿಯ ಅತ್ತೆ ಪೂವಮ್ಮನ ಲೆಕ್ಕವೇ ಬೇರೆ.

“ಅಷ್ಟು ಚಂದ ಮಾಡಿ ಕೂರಿಸಿದ್ದೆವಲ್ಲ, ಊರಿಡೀ ಕಣ್ಣು ಬಿದ್ದಿದೆ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕು. ನಾಳೆ ಶಾಲೆಗೆ ಹೋಗ್ತಾಳೆ ನೋಡು.”

ಉಪ್ಪು ಮೆಣಸು ನಿವಾಳಿಸಿದ್ದೂ ಆಯಿತು. ಮರುದಿನವೂ ಯಶಸ್ವಿ ಹೋಗಲಿಲ್ಲ.

ಪೂವಮ್ಮ ಹೇಳಿದ್ದು ಶಾಸ್ತ್ರದ ದಿನದ ಮಾತು. ಯಶಸ್ವಿ ದೊಡ್ಡವಳಾದಾಗ ಮನೆಯವರು ನೆಂಟರನ್ನು ಕರೆದು, ಮುತ್ತೈದೆಯರಿಂದ ತಲೆಗೆ ನೀರು ಹೊಯ್ಯಿಸಿ, ಹೊಸ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಮಣೆಯ ಮೇಲೆ ಕೂರಿಸಿದ್ದರು. ಅಜ್ಜಿಯ ಕಾಲದಿಂದ ನಡೆದು ಬಂದದ್ದೇ. ಆದರೆ ಆಗೆಲ್ಲ ಅದು ಅಂಗಳದಲ್ಲಿ ಶುರುವಾಗಿ ಅಂಗಳದಲ್ಲೇ ಮುಗಿಯುತ್ತಿತ್ತು. ಈ ಸಲ ಜಲಜಾಕ್ಷಿ ಮಗಳ ಫೋಟೋವನ್ನು ಒಂದು ಹಾಡಿನ ಜೊತೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ‘ನಮ್ಮ ಮಗಳು ದೊಡ್ಡವಳಾದಳು’ ಎಂದು ಬರೆದು ಕೈಮುಗಿದ ಗುರುತನ್ನೂ ಹಾಕಿದ್ದಳು. ಎಲ್ಲರೂ ಹಾಕುತ್ತಾರೆ. ಹಾಕದಿದ್ದರೆ ‘ಎಂತ, ನಮಗೆ ಗೊತ್ತೇ ಮಾಡಲಿಲ್ಲ’ ಎಂದು ಕೇಳುವವರೂ ಇದ್ದಾರೆ. ತಾಯಿಗೆ ಅದು ಸಂತೋಷದ ದಿನವಾಗಿತ್ತು, ಅಷ್ಟೇ.

ಒಂದು ಬೆಳಿಗ್ಗೆ ಜಲಜಾಕ್ಷಿ ಶೆಡ್ಡಿನ ಕೈಯಂತ್ರದಲ್ಲಿ ರಬ್ಬರ್ ಶೀಟು ಒತ್ತುತ್ತಿದ್ದಾಗ ಪಕ್ಕದ ಮನೆಯ ಶಮೀನಾ ಬಂದಳು. ಶಮೀನಾಳ ಮಗಳು ರಿಝ್ವಾನಾ ಯಶಸ್ವಿಯ ತರಗತಿಯವಳೇ. ಗಂಡ ಗಲ್ಫಿನಲ್ಲಿ ಇರುವುದರಿಂದ ಶಮೀನಾಳ ಅರ್ಧ ಸಂಸಾರ ಮೊಬೈಲಿನಲ್ಲೇ ನಡೆಯುತ್ತಿತ್ತು. ಅದರ ಒಳಿತು ಕೆಡುಕು ಎರಡೂ ಅವಳಿಗೆ ಗೊತ್ತು. ಮಹಿಳಾ ಸಂಘದಿಂದ ಪುತ್ತೂರಿನಲ್ಲಿ ನಡೆದ ಮಕ್ಕಳ ಸುರಕ್ಷತೆಯ ಒಂದು ತರಬೇತಿಗೂ ಹೋಗಿ ಬಂದಿದ್ದಳು.

“ಬಾ ಮಾರಾಯ್ತಿ, ಸರಿಯಾದ ಹೊತ್ತಿಗೆ ಬಂದಿ. ಈ ಹಿಡಿ ಸ್ವಲ್ಪ ತಿರುಗಿಸು. ಚಾ ಬೇಕಾದ್ರೆ ಕೆಲಸ ಮಾಡ್ಬೇಕು ನಮ್ಮಲ್ಲಿ.”

ಶಮೀನಾ ನಗಲಿಲ್ಲ. ಯಂತ್ರದ ಹಿಡಿ ಹಿಡಿದು ಮೆಲ್ಲಗೆ ತಿರುಗಿಸಿದಳು. ಬಿಳಿ ಶೀಟು ಉದ್ದವಾಗುತ್ತಾ ಈಚೆ ಬಂತು.

“ಯಶಸ್ವಿ ಎಲ್ಲಿ ಜಲಜಕ್ಕ?”

“ಒಳಗೆ ಉಂಟು. ಅದೇ ಹೊಟ್ಟೆನೋವು.”

“ಅದು ಹೊಟ್ಟೆನೋವಲ್ಲ. ನಿನ್ನೆ ನನ್ನ ಮಗಳು ಬಾಯಿ ಬಿಟ್ಟಳು. ನಿಮಗೆ ಹೇಗೆ ಹೇಳುದು ಅಂತ ರಾತ್ರಿಯಿಂದ ಎಣಿಸ್ತಾ ಇದ್ದೇನೆ.” ಶಮೀನಾ ಸೆರಗಿನಲ್ಲಿ ಕೈ ಒರೆಸಿ ಮೊಬೈಲ್ ತೆಗೆದಳು. “ನೋಡಿ. ನೋಡಿ ಬೊಬ್ಬೆ ಹಾಕ್ಬೇಡಿ, ಅವಳಿಗೆ ಕೇಳ್ತದೆ.”

ಪರದೆಯಲ್ಲಿ ಯಶಸ್ವಿಯ ಮುಖ ಇತ್ತು. ಮುಖ, ಮಲ್ಲಿಗೆ, ಸೀರೆಯ ಸೆರಗು. ಹಿಂದಿನ ಗೋಡೆ ಇಲ್ಲ, ಮಣೆ ಇಲ್ಲ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಪೂವಮ್ಮ ಇಲ್ಲ. ಕತ್ತರಿಸಿ ತೆಗೆದ ಆ ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಮದುಮಗಳು ಬಂದಳು, ದಾರಿ ಬಿಡಿ.’

“ಇದಕ್ಕೆ ಸ್ಟಿಕ್ಕರ್ ಅಂತ ಹೇಳುದು,” ಎಂದಳು ಶಮೀನಾ. “ಮಾತಿನ ಬದಲು ಇದನ್ನು ಕಳಿಸುದು. ಕ್ಲಾಸಿನ ಮಕ್ಕಳೇ ಮಾಡಿದ ಗ್ರೂಪಿನಲ್ಲಿ ಯಾರಾದ್ರೂ ತಡವಾಗಿ ಬಂದ್ರೆ ಇದು. ಟೀಚರ್ ಹೋಮ್‌ವರ್ಕ್ ಕೊಟ್ರೆ ಇದು. ಎಂತ ಇಲ್ಲದಿದ್ರೂ ಇದು. ಬಸ್ಸಿನಲ್ಲಿ ಅವಳು ಹತ್ತಿದ ಕೂಡಲೇ ಹಿಂದಿನ ಸೀಟಿನಿಂದ ಕೂಗ್ತಾರಂತೆ, ದಾರಿ ಬಿಡಿ ಅಂತ.”

ಜಲಜಾಕ್ಷಿ ಮೊಬೈಲನ್ನು ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

“ಇದು ನನ್ನ ಸ್ಟೇಟಸ್ಸಿನ ಫೋಟೋ ಅಲ್ವಾ? ಅದು ಮರುದಿನವೇ ಹೋಗಿದೆಯಲ್ಲ. ಸ್ಟೇಟಸ್ ಒಂದು ದಿವಸ ಮಾತ್ರ ಇರುದು.”

“ನಿಮ್ಮ ಮೊಬೈಲಿಂದ ಹೋಯ್ತು ಅಕ್ಕ. ನೋಡಿದವರು ಸ್ಕ್ರೀನ್‌ಶಾಟ್ ತೆಗೆದ್ರೆ ಅದು ಅಲ್ಲೇ ಉಳೀತದೆ.”

“ನನ್ನ ಸ್ಟೇಟಸ್ ಕಾಣುದು ನೆಂಟರಿಗೆ, ಸಂಘದವರಿಗೆ. ಮಕ್ಕಳಿಗೆ ಎಲ್ಲಿಂದ ಸಿಕ್ತು?”

“ಸಂಘದವರ ಮೊಬೈಲ್ ಸಂಜೆ ಹೊತ್ತು ಯಾರ ಕೈಯಲ್ಲಿ ಇರ್ತದೆ ಹೇಳಿ?”

ಜಲಜಾಕ್ಷಿಗೆ ಉತ್ತರ ಹೊಳೆಯಿತು. ಮಕ್ಕಳ ಕೈಯಲ್ಲಿ. ಹೆಸರನ್ನು ಶಮೀನಾಳೇ ಹೇಳಿದಳು. ಸ್ಟಿಕ್ಕರ್ ಮಾಡಿದವನು ಅದೇ ತರಗತಿಯ ಭವಿತ್, ಕುಶಾಲಪ್ಪನ ಮಗ. ಭವಿತನ ತಾಯಿ ಸಂಘದ ಸಭೆಯಲ್ಲಿ ಜಲಜಾಕ್ಷಿಯ ಪಕ್ಕದಲ್ಲೇ ಕೂರುವವಳು. ‘ಚಂದ ಕಾಣ್ತಾಳೆ ಮಗಳು’ ಎಂದು ಆ ದಿನ ಮೆಸೇಜು ಕಳಿಸಿದವಳೂ ಅವಳೇ.

“ಈಗಲೇ ಹೋಗಿ ಆ ಹುಡುಗನ ಕೆನ್ನೆಗೆ ಎರಡು ಕೊಡ್ತೇನೆ. ಮೊದಲು ಇದನ್ನು ಅಳಿಸು ಶಮೀನಾ, ನನಗೆ ನೋಡ್ಲಿಕ್ಕೆ ಆಗುದಿಲ್ಲ.”

“ಈಗ ಅಳಿಸುದು ಬೇಡ. ಯಾರು ಹಾಕಿದ್ದು, ಯಾವ ದಿವಸ ಅಂತ ಕಾಣುವ ಹಾಗೆ ನಾನು ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ಶಾಲೆಯಲ್ಲಿ ಕೇಳಿದ್ರೆ ತೋರಿಸ್ಬೇಕಲ್ಲ. ಆದ್ರೆ ನೀವು ಇದನ್ನು ಯಾರಿಗೂ ಫಾರ್ವರ್ಡ್ ಮಾಡ್ಬೇಡಿ. ಸಿಟ್ಟಲ್ಲಿ ‘ನೋಡಿ ಎಂತ ಮಾಡಿದ್ದಾರೆ’ ಅಂತ ನೆಂಟರಿಗೆ ಕಳಿಸಿದ್ರೂ ಅದು ಹರಡಿದ ಹಾಗೆಯೇ.”

ಅಷ್ಟರಲ್ಲಿ ಜಲಜಾಕ್ಷಿಯ ಗಂಡ ಲತೀಶ್ ಬಂದ. ಬಾಡಿಗೆ ಜೀಪು ಓಡಿಸುವವನು, ಚಾ ಕುಡಿಯಲು ಮನೆಗೆ ಬಂದಿದ್ದ. ವಿಷಯ ಕೇಳಿದವನೇ ಸಿಡಿಮಿಡಿಗೊಂಡ.

“ಓದುವ ಮಕ್ಕಳಿಗೆ ಗ್ರೂಪ್ ಎಂತಕ್ಕೆ? ನಿನ್ನ ಮೊಬೈಲನ್ನು ಅವಳ ಕೈಗೆ ಕೊಡ್ಬೇಡ, ಎಲ್ಲ ಸರಿಯಾಗ್ತದೆ.”

“ಅವಳಿಗೆ ಮೊಬೈಲೇ ಇಲ್ಲ ಲತೀಶಣ್ಣ,” ಎಂದಳು ಶಮೀನಾ. “ಅವಳು ಗ್ರೂಪಿನಲ್ಲೂ ಇಲ್ಲ. ಬಸ್ಸಿನಲ್ಲಿ ಹುಡುಗರೇ ತೋರಿಸಿದ್ದು ಅವಳಿಗೆ.”

ಮಗಳಿಗೆ ಮೊಬೈಲ್ ಕೊಡಲಿಲ್ಲ, ಹಾಗಾಗಿ ಆ ಕಡೆಯ ಚಿಂತೆ ಇಲ್ಲ ಎಂದು ಜೀಪಿನಲ್ಲಿ ಕೂತವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಲತೀಶ್. ದನಿ ತಗ್ಗಿಸಿ ಹೇಳಿದ.

“ಮಕ್ಕಳಾಟ. ನಾಲ್ಕು ದಿವಸ ಕಳೆದ್ರೆ ಮರೀತಾರೆ. ಶಾಲೆಗೆ ಹೋಗಿ ದೊಡ್ಡದು ಮಾಡಿದ್ರೆ ಮರ್ಯಾದೆ ಹೋಗುದು ನಮ್ಮದೇ.”

“ಅವಳು ಶಾಲೆಗೆ ಹೋಗುದನ್ನೇ ಬಿಟ್ಟಿದ್ದಾಳೆ. ಇದಕ್ಕಿಂತ ದೊಡ್ಡದು ಎಂತ ಆಗ್ಬೇಕು ನಿಮಗೆ?” ಶಮೀನಾ ಜಲಜಾಕ್ಷಿಯ ಕಡೆ ತಿರುಗಿದಳು. “ಶಾಲೆ, ಕುಶಾಲಪ್ಪಣ್ಣ ಎಲ್ಲ ಆಮೇಲೆ. ಮೊದಲು ಮಗಳ ಹತ್ರ ಕೂತ್ಕೊಳ್ಳಿ. ಜೋರು ಮಾಡ್ಬೇಡಿ. ಯಾಕೆ ಹೇಳ್ಲಿಲ್ಲ ಅಂತ ಸಾವಿರ ಸಲ ಕೇಳ್ಬೇಡಿ.”

ಮಧ್ಯಾಹ್ನ ಊಟವಾದ ಮೇಲೆ ಜಲಜಾಕ್ಷಿ ಒಳಗೆ ಹೋದಳು. ಯಶಸ್ವಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಾಯಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

“ನಾನು ನೋಡಿದೆ ಮಗಾ. ಶಮೀನಾ ತೋರಿಸಿದ್ಳು.”

ಮಗಳು ಹೊದಿಕೆಯನ್ನು ಹೆಗಲವರೆಗೆ ಎಳೆದುಕೊಂಡಳು.

“ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ.”

“ಹೇಳಿದ್ರೆ ನೀನು ಎಂತ ಮಾಡ್ತಿದ್ದಿ?” ಯಶಸ್ವಿ ತಿರುಗಲಿಲ್ಲ. “ಆ ದಿವಸ ಫೋಟೋ ಹಾಕ್ಬೇಡ ಅಂತ ಹೇಳಿದ್ದೆ ನಾನು. ನೀನೂ ಅತ್ತೆಯಂದಿರೂ ನಗಾಡಿದ್ರಿ. ನಾಚಿಕೆ ನೋಡು ಇವಳದ್ದು ಅಂತ ಹೇಳಿದ್ರಿ.”

ಜಲಜಾಕ್ಷಿಗೆ ಆ ಗಳಿಗೆ ನೆನಪಾಯಿತು. ಮಗಳು ಸೀರೆಯ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದದ್ದು, ತಾನೇ ಅದನ್ನು ಎಳೆದು ಸರಿಪಡಿಸಿ ‘ಸ್ವಲ್ಪ ನಗು’ ಎಂದದ್ದು. ಮಗಳು ನಕ್ಕಿದ್ದಳು. ಈಗ ಎಲ್ಲರ ಮೊಬೈಲಿನಲ್ಲೂ ಇದ್ದದ್ದು ಆ ನಗುವೇ.

“ತಪ್ಪು ನನ್ನದು ಮಗಾ. ನಿನ್ನದು ಎಂತದೂ ಇಲ್ಲ.”

ಯಶಸ್ವಿ ಗೋಡೆಗೇ ಹೇಳುವಂತೆ ಕೇಳಿದಳು.

“ಎಲ್ಲರ ಮೊಬೈಲಿಂದ ತೆಗಿಲಿಕ್ಕೆ ಆಗ್ತದಾ?”

ಆಗ್ತದೆ ಎನ್ನಲು ತಾಯಿಯ ಬಾಯಿ ತೆರೆಯಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಗೊತ್ತಿಲ್ಲ. ಆದಷ್ಟು ತೆಗೆಸ್ತೇನೆ. ನಾಳೆ ಶಾಲೆಗೆ ಹೋಗಿ ಮಾತಾಡ್ಲಾ? ನೀನು ಹೇಳು.”

“ಹೂಂ” ಎಂದಳು ಯಶಸ್ವಿ. “ಆದ್ರೆ ನಾನು ಬರುದಿಲ್ಲ. ಅವನ ಮುಖ ನೋಡ್ಲಿಕ್ಕಿಲ್ಲ ನಂಗೆ.”

ಮರುದಿನ ಜಲಜಾಕ್ಷಿ ಮತ್ತು ಶಮೀನಾ ಶಾಲೆಗೆ ಹೊರಟರು. ಲತೀಶ್ ಗೊಣಗುತ್ತಲೇ ಜೀಪು ತೆಗೆದ. ಮುಖ್ಯೋಪಾಧ್ಯಾಯಿನಿ ಎಲ್ಲವನ್ನೂ ಕೇಳಿ ಭವಿತನನ್ನೂ ಅವನ ತಂದೆ ಕುಶಾಲಪ್ಪನನ್ನೂ ಕರೆಸಿದರು. ಕುಶಾಲಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ಮಾತು ಶುರು ಮಾಡಿದ.

“ಎಂತ ಮಾರಾಯ್ರೆ, ಕೆಟ್ಟ ಚಿತ್ರ ಅಲ್ಲ, ಬೈಗುಳ ಅಲ್ಲ. ಹುಡುಗ ತಮಾಷೆಗೆ ಮಾಡಿದ್ದು. ಮತ್ತೆ, ಊರಿಗೆಲ್ಲ ಫೋಟೋ ತೋರಿಸಿದ್ದು ಯಾರು? ಮನೆಯವರೇ ಅಲ್ವಾ?”

ಲತೀಶ್ ತಲೆ ತಗ್ಗಿಸಿದ. ಜಲಜಾಕ್ಷಿಯ ಕಣ್ಣು ತುಂಬಿತು. ಆದರೂ ಮಾತು ತಡವರಿಸಲಿಲ್ಲ.

“ಹೌದು, ಹಾಕಿದ್ದು ನಾನೇ. ಅದು ತಪ್ಪು ಅಂತ ಮಗಳ ಹತ್ರ ಒಪ್ಪಿದ್ದೇನೆ. ಆದ್ರೆ ನಾನು ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದ ಬಟ್ಟೆಯನ್ನು ನಿಮ್ಮ ಮಗ ತೆಗೊಂಡು ಹೋಗಿ ರಸ್ತೆಯಲ್ಲಿ ಕುಣಿಸಿದ್ರೆ, ಅಂಗಳದಲ್ಲಿ ಯಾಕೆ ಹಾಕಿದ್ದು ಅಂತ ನನ್ನನ್ನೇ ಕೇಳ್ತೀರಾ ಕುಶಾಲಪ್ಪಣ್ಣ?”

ಕುಶಾಲಪ್ಪ ಕುರ್ಚಿಯಲ್ಲಿ ಕೂತ. ಮುಖ್ಯೋಪಾಧ್ಯಾಯಿನಿ ಭವಿತನನ್ನು ಹತ್ತಿರ ಕರೆದರು. ಗದರಲಿಲ್ಲ.

“ಎಷ್ಟು ಜನರಿಗೆ ಹೋಗಿದೆ ಭವಿತ್?”

“ನಾನು ಗ್ರೂಪಿಗೆ ಮಾತ್ರ ಹಾಕಿದ್ದು ಟೀಚರ್. ಆಮೇಲೆ ಡಿಲೀಟ್ ಕೂಡ ಮಾಡಿದ್ದೇನೆ.”

“ಯಾಕೆ ಡಿಲೀಟ್ ಮಾಡಿದ್ದು?”

ಹುಡುಗ ನೆಲ ನೋಡಿದ. “ಅದು ನಂಗೇ ವಾಪಸ್ ಬಂತು. ಕಡಬದ ಕಡೆಯ ಯಾವುದೋ ಕ್ರಿಕೆಟ್ ಗ್ರೂಪಿನಲ್ಲಿ ಸಿಕ್ಕಿದ್ದು ಅಂತ ಒಬ್ಬ ಫ್ರೆಂಡ್ ಕಳಿಸಿದ. ಅದರಲ್ಲಿರುವವರು ನಂಗೆ ಗೊತ್ತೇ ಇಲ್ಲ. ದೊಡ್ಡವರು.”

“ಇದೇ ಸ್ಟಿಕ್ಕರಾ?”

“ಫೋಟೋ ಇದೇ. ಬರೆದದ್ದು ಬೇರೆ.”

“ಎಂತ ಬರೆದಿದ್ರು?”

ಭವಿತ್ ಹೇಳಲಿಲ್ಲ. ತಂದೆಯ ಮುಖ ನೋಡಿದ, ಜಲಜಾಕ್ಷಿಯ ಮುಖ ನೋಡಿದ, ಬಾಯಿ ಬಿಟ್ಟು ಅಳತೊಡಗಿದ. ಕೋಣೆಯಲ್ಲಿ ಯಾರೂ ಮತ್ತೆ ಅದನ್ನು ಕೇಳಲಿಲ್ಲ. ತಮಾಷೆ ಎಂದಿದ್ದ ಕುಶಾಲಪ್ಪ ತಾನು ತಂದಿದ್ದ ಹೆಂಡತಿಯ ಮೊಬೈಲ್ ತೆಗೆದು ನೋಡಿದ. ನೋಡಿ ಅದನ್ನು ಮೇಜಿನ ಮೇಲೆ ಕವುಚಿ ಇಟ್ಟ. ಆಮೇಲೆ ಅವನ ಬಾಯಿಂದ ಒಂದೇ ಮಾತು ಬಂತು, “ಜಲಜಕ್ಕ, ಹೀಗೆ ಅಂತ ಗೊತ್ತಿರ್ಲಿಲ್ಲ.”

ಮರ್ಯಾದೆಯ ಮಾತಾಡಿದ್ದ ಲತೀಶನೇ ಆಗ ಎದ್ದು ನಿಂತ. “ನಿಮಗೆ ತರಬೇತಿಯಲ್ಲಿ ಕೊಟ್ಟ ಆ ನಂಬರ್ ಹೇಳು ಶಮೀನಾ, ಮಕ್ಕಳ ಸಹಾಯವಾಣಿದು.” ಅವಳು ಹೇಳಿದಳು, 1098. ಅವನು ವರಾಂಡದಲ್ಲಿ ನಿಂತು ಕರೆ ಮಾಡಿದ. ಆ ಕಡೆಯ ಹೆಂಗಸು ಬೈಯಲಿಲ್ಲ, ಹುಡುಗಿ ಹೇಗಿದ್ದಾಳೆ ಎಂದು ಮೊದಲು ಕೇಳಿದಳು. ಅಪರಿಚಿತರು ಹರಡಿದ್ದರ ಬಗ್ಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು, ಸ್ಕ್ರೀನ್‌ಶಾಟ್ ಜೊತೆಗಿರಲಿ ಎಂದಳು. ಅದೇ ದಿನ ಮಧ್ಯಾಹ್ನ ಸುಳ್ಯಕ್ಕೆ ಹೋಗಿ ದೂರು ಕೊಟ್ಟರು. ಕುಶಾಲಪ್ಪನೂ ಜೀಪಿನಲ್ಲಿ ಕೂತು ಬಂದ.

ಆಮೇಲೆ ಮುಖ್ಯೋಪಾಧ್ಯಾಯಿನಿ ಆ ತರಗತಿಯ ಎಲ್ಲ ಪೋಷಕರನ್ನೂ ಕರೆಸಿ, ಅವರ ಎದುರಿನಲ್ಲೇ ಮಕ್ಕಳು ಸ್ಟಿಕ್ಕರ್ ಅಳಿಸುವಂತೆ ಮಾಡಿದರು. ಮಾಡಿದವನಷ್ಟೇ ಅಲ್ಲ, ಕಳಿಸಿದವರು, ನಗುವ ಗುರುತು ಒತ್ತಿದವರು, ನೋಡಿ ಸುಮ್ಮನಿದ್ದವರು ಎಲ್ಲರೂ ಅದರಲ್ಲಿ ಪಾಲುದಾರರು ಎಂದರು. ರಿಝ್ವಾನಾ ಅತ್ತಳು. ತಾನು ಮೊದಲ ದಿನವೇ ಅಮ್ಮನಿಗೆ ಹೇಳಬೇಕಿತ್ತು ಎಂದಳು.

ಅದರ ಮುಂದಿನ ಸೋಮವಾರ ಯಶಸ್ವಿ ಶಾಲೆಗೆ ಹೋದಳು. ರಿಝ್ವಾನಾ ಅವಳ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಯಾರೂ ಕೂಗಲಿಲ್ಲ. ಎಲ್ಲರೂ ಒಮ್ಮೆಲೇ ಸುಮ್ಮನಾದರು, ಅದೂ ಅವಳಿಗೆ ನೋವೇ ಆಯಿತು. ಭವಿತ್ ಕ್ಷಮೆ ಕೇಳಿ ಬರೆದದ್ದನ್ನು ಟೀಚರ್ ಕೊಟ್ಟಾಗ ಅವಳು ಓದಲಿಲ್ಲ, ಮನೆಯವರು ಓದು ಎಂದು ಒತ್ತಾಯಿಸಲೂ ಇಲ್ಲ. ಶಾಲೆಯ ವಾರ್ಷಿಕೋತ್ಸವದ ನೃತ್ಯಕ್ಕೆ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು ಈ ವರ್ಷ ಹೆಸರು ಕೊಡಲಿಲ್ಲ. ಆ ಚಿತ್ರ ಇನ್ನೂ ಎಲ್ಲೆಲ್ಲಿ ಉಂಟು, ಯಾರ ಮೊಬೈಲಿನಲ್ಲಿ ಉಂಟು, ಯಾರಿಗೂ ಗೊತ್ತಿಲ್ಲ. ಪೂವಮ್ಮ ಮಾತ್ರ ಒಮ್ಮೊಮ್ಮೆ ಕೇಳುತ್ತಾಳೆ, “ಒಂದು ಫೋಟೋವನ್ನು ವಾಪಸ್ ತರ್ಲಿಕ್ಕೆ ಆಗುದಿಲ್ವಾ? ಅಷ್ಟು ಜನ ಓದಿದವರಿದ್ದೀರಿ.”

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಮೇಲಿನ ಪ್ರೀತಿಯಿಂದಲೇ ನಾವು ಅವರ ಫೋಟೋ ಹಾಕುತ್ತೇವೆ. ಹಾಕುವ ಮೊದಲು ಅವರನ್ನೇ ಒಂದು ಮಾತು ಕೇಳೋಣ. ಬೇಡ ಎಂದರೆ ನಗಾಡದೆ ಬಿಟ್ಟುಬಿಡೋಣ. ನಮ್ಮ ಮೊಬೈಲನ್ನು ಮಗುವಿನ ಕೈಗೆ ಕೊಟ್ಟಾಗ ನಮ್ಮ ಪರಿಚಯದವರೆಲ್ಲರ ಮನೆಯ ಬಾಗಿಲನ್ನೂ ಅದರ ಕೈಗೆ ಕೊಡುತ್ತಿದ್ದೇವೆ ಎಂಬುದು ನೆನಪಿರಲಿ. ಇನ್ನೊಬ್ಬರ ಮುಖ ಆಟದ ಸಾಮಾನಲ್ಲ ಎಂದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಕೂರಿಸಿ ಹೇಳಬೇಕಾದವರು ನಾವೇ. ಏನಾದರೂ ಆಗಿಹೋದರೆ ಮಗುವನ್ನು ಬೈಯಬೇಡಿ, ಮುಚ್ಚಿಡಬೇಡಿ. ಸಾಕ್ಷಿ ಇಟ್ಟುಕೊಂಡು ಶಾಲೆಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ.

ಯಶಸ್ವಿ ಅಷ್ಟೂ ದಿನ ಒಬ್ಬಳೇ ಸಹಿಸಿದಳು, ಹೇಳಿದರೆ ಏನಾದೀತೋ ಎಂಬ ಹೆದರಿಕೆಯಿಂದ. ನಿಮ್ಮ ಮನೆಯಲ್ಲೂ ಒಂದು ಮಗು ಹಾಗೆ ಸುಮ್ಮನೆ ಕೂತಿರಬಹುದು. ಈ ಕಾಗದ ಕೆಳಗಿಟ್ಟು, ಇವತ್ತೇ ಅದರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ.