ತುಂಬಿಸಿ ನೋಡಿದ ದೋಣಿ

ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ನಮ್ಮ ಶೆಡ್ಡು ಇತ್ತು. ನಮ್ಮನೆಯವರು ಏಕಾಂತಪ್ಪ ಹರಿಗೋಲಿನಲ್ಲಿ ಹೋಗಿ ಮೀನು ಹಿಡಿಯುತ್ತಾರೆ. ನಾನು ಅದನ್ನು ಹೊಸದುರ್ಗ, ಮಾಡದಕೆರೆ ಕಡೆ ಮಾರಿಕೊಂಡು ಬರುತ್ತೇನೆ. ನಾನು ಮದುವೆಯಾಗಿ ಬಂದಾಗ ನೀರು ಎಷ್ಟು ದೂರ ಇತ್ತೆಂದರೆ, ಬಲೆ ಹೊತ್ತು ನಡೆದು ಸಾಕಾಗಿ ನಡುವೆ ಎಲ್ಲಾದರೂ ಕೂತು ಎಲೆಅಡಿಕೆ ಹಾಕಿಕೊಳ್ಳಬೇಕಿತ್ತು. ಅಣೆ ಒಂದಲ್ಲ ಒಂದು ದಿನ ತುಂಬುತ್ತದೆ ಎಂದು ನಮ್ಮ ಮಾವ ಹೇಳಿದರೆ ಎಲ್ಲರೂ ನಗುತ್ತಿದ್ದರು.

ಈಗ ತುಂಬಿತು. ಒಂದು ಸಲ ಅಲ್ಲ, ಎರಡು ಸಲ. ಮೊದಲ ಸಲ ಶೆಡ್ಡನ್ನು ಬಿಚ್ಚಿ ಮೇಲಕ್ಕೆ ಹಾಕಿಕೊಂಡೆವು. ಎರಡನೇ ಸಲ ನೀರು ಅಲ್ಲಿಗೂ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಒಲೆಯೊಳಗೆ ಮೀನುಮರಿ ಆಡುತ್ತಿದ್ದವು. ಇನ್ನೂ ಮೇಲೆ ಹೋಗೋಣವೆಂದರೆ ಅಲ್ಲಿಂದಾಚೆಗೆ ಬೇರೆಯವರ ತೆಂಗಿನ ತೋಟ. ಯಾರೂ ಜಾಗ ಕೊಡಲಿಲ್ಲ. ಅವರದೂ ಎಷ್ಟೋ ತೋಟ ಮುಳುಗಿತ್ತು, ಅವರನ್ನು ಬೈದು ಏನು ಪ್ರಯೋಜನ? ಆದರೂ ಬೈದೆ.

ಊರೊಳಗೆ ನಮ್ಮನೆಯವರ ಅಕ್ಕ ನಿಂಗಕ್ಕನ ಮನೆ ಇದೆ. ಅವಳ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಇಳಿದುಕೊಂಡೆವು. ನಿಂಗಕ್ಕ ಕೆಟ್ಟವಳಲ್ಲ. ಅವಳ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿ ಅವಳು ಇಟ್ಟ ಕಡೆಯೇ ಇರಬೇಕು, ಅಷ್ಟೇ. ನನಗೂ ನಾನು ಇಟ್ಟ ಕಡೆಯೇ ಇರಬೇಕು. ಹೀಗಾಗಿ ದಿನಾ ಬೆಳಿಗ್ಗೆ ಉಪ್ಪಿನಿಂದ ಶುರುವಾದದ್ದು ನಮ್ಮಿಬ್ಬರ ತವರುಮನೆಗಳ ತನಕ ಹೋಗಿ ನಿಲ್ಲುತ್ತಿತ್ತು.

ಒಂದು ದಿನ ಜಗಳದ ನಡುವೆ ನಾನೇ ಅಂದೆ. "ನೀರು ಏರಿದ್ರೆ ಏರಬೇಕು, ಇಳಿದ್ರೆ ಇಳೀಬೇಕು. ಅಂಥಾ ಮನೆ ಮಾಡ್ಕಂತೀನಿ. ದೋಣಿ ತಗಂತೀನಿ. ಅದ್ರಾಗೇ ಇರ್ತೀನಿ."

"ದೋಣ್ಯಾಗೆ ಒಲೆ ಹೂಡ್ತೀಯೇನೇ ದ್ಯಾಮಿ?" ನಿಂಗಕ್ಕ ಕೈತಟ್ಟಿ ನಕ್ಕಳು. "ಹೊಸ್ತಿಲು ಎಲ್ಲಿ ಇಡ್ತೀ? ಹೊಸ್ತಿಲಿಗೆ ನೀರು ಹಾಕ್ತೀಯೋ, ನೀರಿಗೇ ಹೊಸ್ತಿಲು ಹಾಕ್ತೀಯೋ?"

ಅವಳು ನಕ್ಕದ್ದಕ್ಕೇ ನನ್ನ ಮನಸ್ಸು ಗಟ್ಟಿಯಾಯಿತು. ನಮ್ಮನೆಯವರು ಮಾತ್ರ ನಗಲಿಲ್ಲ. ಬಲೆ ಹೊಲಿಯುತ್ತಾ, "ದೊಡ್ಡದಾದ್ರೆ ಇರಬೌದು" ಎಂದರು. ಅವರ ಬಾಯಿಂದ ಒಂದು ದಿನಕ್ಕೆ ಬರುವುದೇ ಅಷ್ಟು. ಮೀನುಗಾರರ ಸಂಘದ ಕಾರ್ಯದರ್ಶಿ ವಿನೋದನನ್ನು ಕೇಳಿದೆವು. "ಬಲೆ ಕಾಯೋರು ನೀರಿನ ಮೇಲೇ ಇದ್ರೆ ಸಂಘಕ್ಕೂ ಒಳ್ಳೇದು. ದೋಣಿ ತಂದು ನಮ್ಮ ಕಟ್ಟೆ ಹತ್ರ ಕಟ್ಕಳ್ರಿ, ಕೇಳೋರಿಗೆ ನಾನು ಹೇಳ್ತೀನಿ" ಎಂದ. ಹೊಸ ದೋಣಿಯ ಮಾತು ನಮಗೆ ಆಗುವಂಥದ್ದಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಹುಡುಕಬೇಕು.

ನಮ್ಮ ಜಿಲ್ಲೆಯಲ್ಲಿ ಹಳೇ ದೋಣಿ ಹುಡುಕುವುದೆಂದರೆ ಏನೆಂದು ಹುಡುಕಿದವರಿಗೇ ಗೊತ್ತು. ಹಳೇ ಟ್ರ್ಯಾಕ್ಟರ್ ಅಂದರೆ ಬೀದಿಗೊಂದು ತೋರಿಸುತ್ತಾರೆ. ದೋಣಿ ಅಂದರೆ ಮುಖ ನೋಡುತ್ತಾರೆ. ಹೊಸದುರ್ಗದಲ್ಲಿ ಒಬ್ಬರು ಕರೆದುಕೊಂಡು ಹೋಗಿ ತೋರಿಸಿದ್ದು ಮಕ್ಕಳು ಕಾಲಲ್ಲಿ ತುಳಿಯುವ ಹಂಸದ ದೋಣಿ. ಅದರ ಕತ್ತು ಬೇರೆ ಮುರಿದಿತ್ತು. "ಗಂಡ ಹೆಂಡ್ತಿ ಕುಂತ್ಕಬೌದು" ಎಂದ ಆಸಾಮಿ. "ಮಲಗೋದು ಎಲ್ಲಿ, ನಿನ್ನ ತಲೆ ಮೇಲಾ?" ಎಂದು ಬಂದೆ. ಹಿರಿಯೂರಿನ ಹತ್ತಿರ ಒಳ್ಳೇ ಮರದ ದೋಣಿ ಸಿಕ್ಕಿತು. ಅದರಲ್ಲಿ ಮೇವು ಹಾಕಿದ್ದರು, ಮೂರು ಎಮ್ಮೆ ಸಾಲಾಗಿ ನಿಂತು ತಿನ್ನುತ್ತಿದ್ದವು. ಎಮ್ಮೆಗಳಿಗೆ ಅಭ್ಯಾಸವಾಗಿದೆ, ಕೊಡುವುದಿಲ್ಲ ಎಂದರು. ಹೊಳಲ್ಕೆರೆ ಕಡೆ ಒಂದು ದೇವಸ್ಥಾನದವರು ತೆಪ್ಪೋತ್ಸವದ ದೋಣಿ ಇಟ್ಟಿದ್ದರು. ಕೆರೆ ಬತ್ತಿದಾಗಿನಿಂದ ಅದು ಮಂಟಪದಲ್ಲೇ ಇದೆ. ನಾನು ಕೈ ಮುಗಿದು ಕೇಳಿದೆ. ಪೂಜಾರಪ್ಪ, "ಸ್ವಾಮಿ ಕುಂತಿದ್ದ ಜಾಗದಾಗೆ ಮೀನು ಹುರೀತೀಯೇನಮ್ಮ?" ಎಂದ. ಮುಗಿದ ಕೈ ಇಳಿಸದೆ ಹಾಗೇ ಹಿಂದಕ್ಕೆ ಬಂದೆ.

ಕೊನೆಗೆ ಚಿತ್ರದುರ್ಗದಲ್ಲಿ, ಚಂದ್ರವಳ್ಳಿಗೆ ಹೋಗುವ ದಾರಿಯಲ್ಲಿ, ಗೌಸ್ ಪೀರ್ ಎಂಬವರ ಗುಜರಿಯಲ್ಲಿ ಒಂದು ಇದೆ ಎಂದು ಗೊತ್ತಾಯಿತು.

ದೂರದಿಂದ ಕಂಡ ಕೂಡಲೇ ಇದೇ ಎನಿಸಿತು. ಕಬ್ಬಿಣದ ದೋಣಿ. ಉದ್ದ ಒಂದು ಬಸ್ಸಿನಷ್ಟು, ಅಗಲ ಮಂಚ ಹಾಕಿ ಪಕ್ಕದಲ್ಲಿ ಓಡಾಡುವಷ್ಟು. ಮೇಲೆ ತಗಡಿನ ಮಾಡು, ಎರಡೂ ಕಡೆ ಕಿಟಕಿ. ಯಾವುದೋ ಕೆರೆಯಲ್ಲಿ ಜನರನ್ನು ಸುತ್ತಾಡಿಸುತ್ತಿದ್ದದ್ದಂತೆ. ಎರಡು ತುದಿಗೂ ಸೈಜುಗಲ್ಲು ಕೊಟ್ಟು ನಿಲ್ಲಿಸಿದ್ದರು. ಹತ್ತಿ ಒಳಗೆ ನಿಂತೆ. ಹಿಂದಿನ ಮೂಲೆಯಲ್ಲಿ ಒಲೆ, ಈ ಕಡೆ ಪೆಟ್ಟಿಗೆ, ಆ ಕಿಟಕಿ ಕೆಳಗೆ ಉಪ್ಪಿನ ಡಬ್ಬಿ. ಎಲ್ಲ ಅಲ್ಲೇ ನಿಂತು ಜೋಡಿಸಿದೆ.

ಗೌಸ್ ಪೀರ್ ನಮ್ಮ ವಯಸ್ಸಿನವರೇ. ಮಾತಿನ ಮನುಷ್ಯ. ಬೆಲೆಯ ಮಾತು ಟೀ ತಣ್ಣಗಾಗುವುದರೊಳಗೆ ಮುಗಿಯಿತು. ಆಮೇಲೆ ನಾನು ಕೇಳಿದೆ.

"ಸೋರಲ್ಲ ಅಂತ ಹೆಂಗೆ ನಂಬೋದು ಪೀರಣ್ಣ?"

"ನೀರಿಗೆ ಇಳಿಸಿ ನೋಡ್ರಿ ಅಕ್ಕಾ."

"ಇಲ್ಲಿಂದ ಕ್ರೇನಾಗೆ ಎತ್ತಿ, ಲಾರ್‍ಯಾಗೆ ಅಲ್ಲಿಗೆ ಒಯ್ದು, ಇಳಿಸಿದ ಮ್ಯಾಲೆ ಸೋರಿದ್ರೆ? ವಾಪಸ್ ನಿನ್ನ ತಲೆ ಮೇಲೆ ಹೊತ್ಕಂಡು ಬರ್ತೀಯಾ?"

ಅವರಿಗೆ ಕೆರಳಿತು. "ನನ್ನ ಗುಜರ್‍ಯಾಗಿಂದ ಸುಳ್ಳು ಮಾಲು ಹೋಗಿಲ್ಲ. ಒಂದು ಹನಿ ಸೋರಿದ್ರೆ ದೋಣಿ ಸುಮ್ನೆ ತಗಂಡು ಹೋಗ್ರಿ. ನಂಗೆ ಒಂದು ಪೈಸೆ ಬ್ಯಾಡ."

"ಹಂಗಾರೆ ಇಲ್ಲೇ ನೋಡಾಣ. ಟ್ಯಾಂಕರ್ ಕರೆಸು."

ನಮ್ಮ ಕಡೆ ಕೊಡ ಕೊಂಡರೂ, ತೊಟ್ಟಿ ಕಟ್ಟಿಸಿದರೂ, ಸಂಪು ಮಾಡಿಸಿದರೂ ಮೊದಲು ನೀರು ತುಂಬಿಸಿ ಇಡುತ್ತೇವೆ. ಹೊರಗೆ ಒದ್ದೆ ಕಾಣದಿದ್ದರೆ ಮಾಲು ಒಳ್ಳೆಯದು. ಹನಿ ಹನಿ ನೀರಿಗೆ ಬಾಯಿಬಿಟ್ಟುಕೊಂಡು ಬದುಕಿದ ಜನ ನಾವು, ನಮಗೆ ಬೇರೆ ಪರೀಕ್ಷೆ ಗೊತ್ತಿಲ್ಲ. ಗೌಸ್ ಪೀರ್‌ಗೂ ಗೊತ್ತಿರಲಿಲ್ಲ. ಆಗಲೇ ಫೋನು ತೆಗೆದು ಟ್ಯಾಂಕರ್‌ಗೆ ಹೇಳಿದರು.

ನಮ್ಮನೆಯವರು ದೋಣಿಯ ಕೆಳಗೆ ಬಗ್ಗಿ ನೋಡಿ ಬಂದು, "ದೋಣಿಗೆ ನೀರು ಹೊರಗಿರಬೇಕು" ಎಂದರು.

"ಒಳಗಿಂದ ಹೋಗದಿದ್ದದ್ದು ಹೊರಗಿಂದ ಬರ್ತೈತೇನ್ರೀ? ತೂತು ಯಾವ ಕಡೆಯಿಂದಾದ್ರೂ ತೂತೇ" ಎಂದೆ. ಅವರು ಮತ್ತೆ ಬಾಯಿ ತೆರೆದರು. "ನೀವು ಸುಮ್ಕಿರ್ರಿ" ಎಂದೆ. ದೂರ ಹೋಗಿ ನಿಂತರು.

ಟ್ಯಾಂಕರ್ ಬಂತು. ಪೈಪು ಒಳಗೆ ಬಿಟ್ಟರು. ಪಕ್ಕದ ಪಂಚರ್ ಅಂಗಡಿಯವರು, ಟೀ ಅಂಗಡಿಯವರು ಎಲ್ಲ ಬಂದು ನಿಂತರು. ಗುಜರಿಯ ಹಿಂದೆಯೇ ಗೌಸ್ ಪೀರರ ಮನೆ. ಅವರ ಹೆಂಡತಿ ಶಬನಾ ಅಂಗಳದ ಮಂಚಗಳ ಮೇಲೆ ಹಬ್ಬಕ್ಕೆ ಶ್ಯಾವಿಗೆ ಒಣಹಾಕಿದ್ದಳು. ಅವಳೂ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಕೆರೆಯಾಗೆ ದೋಣಿ ಬಿಡೋರ್ನ ನೋಡಿದ್ದೆ. ದೋಣ್ಯಾಗೆ ಕೆರೆ ಬಿಡೋರ್ನ ಇವತ್ತೇ ನೋಡಿದ್ದು" ಎಂದಳು.

ಒಂದು ಟ್ಯಾಂಕರ್ ಮುಗಿಯಿತು. ನಾನು ಬಗ್ಗಿ ಬಗ್ಗಿ ನೋಡಿದೆ, ಕೈಯಲ್ಲಿ ಸವರಿ ನೋಡಿದೆ. ಒಂದು ಹನಿ ಇಲ್ಲ.

"ನೋಡಿದ್ರಾ?" ಎಂದರು ಗೌಸ್ ಪೀರ್.

"ಅರ್ಧನೂ ಆಗಿಲ್ಲ. ಇನ್ನೊಂದು ಕರೆಸು."

ಎರಡನೆಯದು ಬಂತು. ಗೌಸ್ ಪೀರ್ ಎದೆ ಉಬ್ಬಿಸಿಕೊಂಡು ಟೀ ತರಿಸಿದರು. ಲೋಟ ಕೈಗೆ ತೆಗೆದುಕೊಂಡಿದ್ದೆ, ಅಷ್ಟರಲ್ಲಿ ದೋಣಿ ಹಸು ಈಯುವಾಗ ನರಳುವಂತೆ ನರಳಿತು. ನಡುವೆ ಏನೂ ಆಸರೆ ಇರಲಿಲ್ಲವಲ್ಲ, ಹೊಟ್ಟೆ ಜೋತುಬಿತ್ತು. ಆಮೇಲೆ ಫಟ್ ಎಂದು ಬೆಸುಗೆ ಬಿಟ್ಟುಕೊಂಡಿತು. ನೀರು ಹೊಳೆಯಂತೆ ನುಗ್ಗಿತು. ಹಳೇ ಪ್ಲಾಸ್ಟಿಕ್ ಕೊಡಗಳು, ಡಬ್ಬಿಗಳು, ಒಂದು ಒಡೆದ ಫ್ರಿಜ್ಜಿನ ಬಾಗಿಲು ಎಲ್ಲ ತೇಲಿಕೊಂಡು ಶಬನಾಳ ಅಂಗಳಕ್ಕೆ ಹೋದವು. ಒಂದು ಮಂಚ ಉರುಳಿ ಶ್ಯಾವಿಗೆ ಎಲ್ಲ ನೀರುಪಾಲಾಯಿತು.

ಶಬನಾ ಕೆಸರಿನಿಂದ ಒಂದು ಹಿಡಿ ಶ್ಯಾವಿಗೆ ಎತ್ತಿಕೊಂಡು ಗಂಡನ ಮುಂದೆ ಹಿಡಿದಳು. "ತಗಾ, ಹಾಲು ಸಕ್ಕರೆ ಹಾಕಿ ಕೊಡ್ಲಾ?"

ಗೌಸ್ ಪೀರ್ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಸೋರ್ತು. ಮಾತು ಮಾತೇ. ದೋಣಿ ನಿಮ್ದು, ತಗಂಡು ಹೋಗ್ರಿ."

ನನಗೆ ಉರಿದುಹೋಯಿತು. "ಒಡೆದಾಕಿದ್ದು ನಾನು. ಸುಮ್ನೆ ತಗಂಡು ಹೋಗೋಕೆ ನಾನೇನು ಭಿಕ್ಷೆಗೆ ಬಂದಿದೀನಾ?"

"ಒಂದು ಹನಿ ಅಂದಿದ್ದೆ ನಾನು!"

"ನೀನು ಏನಾದ್ರೂ ಅಂದ್ಕ. ನೆಟ್ಟಗಿದ್ದ ದೋಣಿ ಹೊಟ್ಟೆ ಸೀಳಿದ್ದು ನನ್ನ ಬಾಯಿ. ಬೆಲೆ ತಗಾ."

"ತಗಳಲ್ಲ."

"ತಗಬೇಕು."

ಬೆಲೆ ಇಳಿಸಲು ಜಗಳವಾಡುವುದನ್ನು ಅಲ್ಲಿದ್ದವರು ನೋಡಿದ್ದರೋ ಏನೋ, ಇದನ್ನು ನೋಡಿರಲಿಲ್ಲ. ಪಂಚರ್ ಅಂಗಡಿಯವನು ನನ್ನ ಕಡೆ, ಟೀ ಅಂಗಡಿಯವನು ಅವರ ಕಡೆ ಸೇರಿಕೊಂಡರು. ಜಗಳವಾಡುತ್ತಲೇ ಮನಸ್ಸಿನೊಳಗೆ ನನಗೆ ಕಾಣುತ್ತಿದ್ದದ್ದು ನಿಂಗಕ್ಕನ ಕೊಟ್ಟಿಗೆ. ಒಡೆದ ದೋಣಿಯನ್ನು ಸುಮ್ಮನೆ ಕೊಟ್ಟರೂ, ಬೆಲೆಗೆ ಕೊಟ್ಟರೂ ಅದರಲ್ಲಿ ಸಂಸಾರ ಹೂಡಲಾಗುತ್ತದೆಯೇ?

ನಾವು ಜಗಳವಾಡುವಷ್ಟು ಹೊತ್ತೂ ನಮ್ಮನೆಯವರು ದೋಣಿಯ ಕೆಳಗೆ ತೂರಿ ನೋಡುತ್ತಿದ್ದರು. ಬಟ್ಟೆಯೆಲ್ಲ ಕೆಸರು ಮಾಡಿಕೊಂಡು ಹೊರಗೆ ಬಂದು, "ತಗಡು ಗಟ್ಟಿ ಐತೆ. ಬೆಸುಗೆ ಅಷ್ಟೇ ಬಿಟ್ಟೈತೆ" ಎಂದರು.

ಜಗಳವನ್ನು ಶಬನಾ ಮುಗಿಸಿದಳು. "ಕೇಳ್ರಿ ಇಬ್ರೂ. ಅಕ್ಕ ಬೆಲೆ ಕೊಡ್ಲಿ. ನೀನು ವೆಲ್ಡಿಂಗ್ ಮಾಡಿ, ಪಟ್ಟಿ ಹೊಡೆದು ಕೊಡು. ನನ್ನ ಶ್ಯಾವಿಗೆ ಇಬ್ರೂ ಕುಂತು ಹೊಸೀರಿ."

ಹೊಸೆಯಲು ಗೌಸ್ ಪೀರ್‌ಗೆ ಬರಲಿಲ್ಲ. ನಾನೇ ಮಾರನೇ ವಾರ ಹೋಗಿ ಹೊಸೆದು ಕೊಟ್ಟು ಬಂದೆ. ಅವರು ಕೂತು ದೋಣಿಯ ಹೊಟ್ಟೆಗೆ ಉದ್ದಕ್ಕೆ ಕಬ್ಬಿಣದ ಪಟ್ಟಿ ಕೊಟ್ಟು ಬೆಸೆದರು. ನಾನು ಹೊರಡುವಾಗ ಶಬನಾ ಗುಜರಿಯಿಂದ ಒಂದು ಹಳೇ ಹೊಸ್ತಿಲು ಎಳೆದು ತಂದಳು. ಯಾವುದೋ ಕೆಡವಿದ ಮನೆಯದು, ತೇಗದ ಮರ, ಅರಿಸಿನದ ಬಣ್ಣ ಇನ್ನೂ ಹಿಡಿದಿತ್ತು. ನಿಂಗಕ್ಕ ಅಂದ ಮಾತನ್ನು ಶ್ಯಾವಿಗೆ ಹೊಸೆಯುತ್ತಾ ಅವಳಿಗೆ ಹೇಳಿದ್ದೆ. "ಇದ್ನ ಅವರಿಗೆ ತೋರ್ಸು" ಎಂದಳು.

ದೋಣಿಯನ್ನು ನೀರಿಗಿಳಿಸುವ ದಿನ ಸಂಘದ ಕಟ್ಟೆಯ ಮೇಲೆ ಜನವೋ ಜನ. ನಿಂಗಕ್ಕ ಮುಂದೆಯೇ ನಿಂತಿದ್ದಳು. ಮುಳುಗಿದರೆ ಮೊದಲು ತಾನೇ ನೋಡಬೇಕು ಎಂದು ಇರಬೇಕು. ಗೌಸ್ ಪೀರ್, ಶಬನಾ ಲಾರಿಯ ಹಿಂದೆಯೇ ಬಂದಿದ್ದರು. ಕ್ರೇನು ಎತ್ತಿ ಮೆಲ್ಲಗೆ ಇಳಿಸಿತು. ದೋಣಿ ಒಂದು ಸಲ ಆ ಕಡೆ ಈ ಕಡೆ ಓಲಾಡಿ ನಿಂತಿತು. ಹತ್ತಿ, ಬಾಗಿಲಿಗೆ ಕೂರಿಸಿದ್ದ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟೆ. ಒಲೆ ಹೂಡಿ ಹಾಲು ಕಾಯಲಿಟ್ಟೆ.

ಗೌಸ್ ಪೀರ್ ದಂಡೆಯಿಂದಲೇ ಕೂಗಿದರು. "ಅಕ್ಕಾ, ಇವತ್ತೂ ಅದೇ ಮಾತು. ಒಂದು ಹನಿ ಒಳಗೆ ಬಂದ್ರೂ ಇದೇ ಲಾರ್‍ಯಾಗೆ ವಾಪಸ್ ತಗಂಡು ಹೋಗ್ತೀನಿ. ನಿಮ್ಮ ದುಡ್ಡು ನಿಮಗೆ. ಸೋರೋ ಮಾಲಿನ ಮೇಲೆ ನಿಮ್ಮನ್ನ ಬಿಟ್ಟು ಹೋಗಿ ನಂಗೆ ನಿದ್ದೆ ಬರಲ್ಲ."

ಲಾರಿ, ಕ್ರೇನು ಇನ್ನೂ ಅಲ್ಲೇ ನಿಂತಿದ್ದವು.

ಹಾಲು ಉಕ್ಕುವುದನ್ನೇ ನೋಡುತ್ತಾ ಕೂತಿದ್ದೆ. ಮಂಚ ಹಾಕಬೇಕೆಂದುಕೊಂಡಿದ್ದ ಜಾಗದಲ್ಲಿ, ಪಟ್ಟಿಯ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಏನೋ ಮಿಣುಕಿತು. ಬೆರಳಲ್ಲಿ ಒರೆಸಿದೆ. ಮತ್ತೆ ಬಂತು. ನಮ್ಮನೆಯವರ ಮುಖ ನೋಡಿದೆ. ಅವರೂ ನೋಡಿದ್ದರು. ಪ್ರತಿ ವರ್ಷ ಹರಿಗೋಲಿಗೆ ಡಾಂಬರು ಬಳಿಯುವ ಮನುಷ್ಯ, ಅಷ್ಟು ಒಸರುವುದು ಅವರಿಗೆ ಏನೂ ಅಲ್ಲ. ಆದರೆ ಗೌಸ್ ಪೀರ್‌ಗೆ ಅದು ಮಾತಿನ ಪ್ರಶ್ನೆ. ಕಂಡರೆ ಈಗಲೇ ಕ್ರೇನು ಹಾಕಿಸುತ್ತಾರೆ, ದೇವರೇ ಬಂದು ಹೇಳಿದರೂ ಕೇಳುವುದಿಲ್ಲ.

ಶಬನಾಳ ಕೈ ಹಿಡಿದುಕೊಂಡು ಗೌಸ್ ಪೀರ್ ಹೊಸ್ತಿಲು ದಾಟುತ್ತಿದ್ದರು. ನಾನು ಒಲೆಯ ಪಕ್ಕದಲ್ಲಿದ್ದ ತುಂಬಿದ ಬಿಂದಿಗೆಯನ್ನು ಎತ್ತಿ ಆ ಹನಿಯ ಮೇಲೆ ಕುಕ್ಕಿದೆ.

ಅವರು ಬಗ್ಗಿ ಮೂಲೆ ಮೂಲೆ ನೋಡಿದರು. ಬಂದು ಬಿಂದಿಗೆಯ ಮುಂದೆ ನಿಂತರು.

"ಇದೇನು ಒದ್ದೆ?"

"ಬಿಂದಿಗೆ ತುಳುಕಿದ್ದು."

"ನೀರಿನ ಮೇಲೆ ಕುಂತು ಬಿಂದಿಗೆ ಯಾಕೆ ತುಂಬಿಸಿದ್ರಿ?"

"ಕುಡಿಯೋ ನೀರು ಬ್ಯಾಡ್ವಾ? ಒಳ್ಳೆ ಇವ್ರೊಬ್ರು! ಹಾಲು ತಗಳ್ರಿ, ಆರ್ತೈತೆ."

ಗೌಸ್ ಪೀರ್ ನಮ್ಮನೆಯವರ ಕಡೆ ನೋಡಿದರು. ಮಾತಾಡದ ಮನುಷ್ಯ ಸುಳ್ಳೂ ಹೇಳುವುದಿಲ್ಲ ಎಂದು ಅಂದುಕೊಂಡಿರಬೇಕು. ನಮ್ಮನೆಯವರು ಹಾಲಿನ ಲೋಟ ಬಾಯಿಗಿಟ್ಟುಕೊಂಡು, ಮುಗಿಯುವ ತನಕ ತೆಗೆಯಲೇ ಇಲ್ಲ.

ನಿಂಗಕ್ಕ ಹೊಸ್ತಿಲ ಹತ್ತಿರ ನಿಂತು ಅದರ ಅರಿಸಿನವನ್ನೇ ನೋಡುತ್ತಿದ್ದಳು. "ಒಳಗೆ ಬಾ ಅಕ್ಕ" ಎಂದೆ. ಬಲಗಾಲಿಟ್ಟು ಬಂದಳು. ಸುತ್ತ ನೋಡಿ, "ಉಪ್ಪು ಎಲ್ಲಿಟ್ಟಿದೀಯೇ?" ಎಂದಳು.

"ಕಿಟಕಿ ಕೆಳಗೆ. ಅಲ್ಲೇ ಇರಬೇಕದು" ಎಂದೆ.

ಲಾರಿ, ಕ್ರೇನು ದಿಬ್ಬ ಹತ್ತಿ ಹೋದ ಸದ್ದು ಕೇಳುವ ತನಕ ನಾನು ಬಿಂದಿಗೆ ಪಕ್ಕದಿಂದ ಏಳಲಿಲ್ಲ. ಆಮೇಲೆ ನಮ್ಮನೆಯವರು ದಂಡೆಗಿಳಿದು, ಮೂರು ಕಲ್ಲು ಹೂಡಿ, ಡಾಂಬರಿನ ಡಬ್ಬಿ ಕಾಯಲಿಟ್ಟರು.